ಕುಲುಮೆಗೆ ಜಗ್ಗದ ಲೋಹ

ಹೊಸಪೇಟೆಯಿಂದ ಚಿತ್ರದುರ್ಗದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕೂಡ್ಲಿಗಿ ದಾಟಿದ ಮೇಲೆ ಕಾನಹೊಸಹಳ್ಳಿ ಸಿಗುತ್ತದೆ. ಊರಿನ ಅಂಚಿಗೆ, ಬೇವಿನ ಮರದ ನೆರಳಿನಲ್ಲಿ ಒಂದು ಕುಲುಮೆ. ತಿದಿ ಹೋಗಿ ಕರೆಂಟಿನ ಬ್ಲೋಯರ್ ಬಂದಿರುವುದನ್ನು ಬಿಟ್ಟರೆ ಅಲ್ಲಿ ಹೆಚ್ಚೇನೂ ಬದಲಾಗಿಲ್ಲ. ಹೆದ್ದಾರಿಯ ಲಾರಿಗಳು ಮುರಿದು ಬಿಸಾಡಿದ ಸ್ಪ್ರಿಂಗ್ ಪಟ್ಟಿಗಳು ಇಲ್ಲಿ ಮಚ್ಚು, ಕುಡುಗೋಲು, ಕೊಡಲಿಗಳಾಗಿ ಮರುಹುಟ್ಟು ಪಡೆಯುತ್ತವೆ. ಮುಂಗಾರಿಗೆ ಮುಂಚೆ ಕುಂಟೆ, ಕೂರಿಗೆ, ನೇಗಿಲ ಕುಳಗಳನ್ನು ಹೊತ್ತು ತಂದ ರೈತರ ಸಾಲು ನಿಲ್ಲುತ್ತದೆ. ಕುಲುಮೆಯ ಯಜಮಾನನಿಗೆ ಉಷ್ಣತಾಮಾಪಕ ಬೇಕಿಲ್ಲ. ಕಬ್ಬಿಣ ಯಾವ ಕೆಂಪಿಗೆ ಬಂದಾಗ ಇಕ್ಕಳದಿಂದ ತೆಗೆಯಬೇಕು, ಯಾವ ಬಣ್ಣದಲ್ಲಿ ನೀರಿಗೆ ಅದ್ದಬೇಕು ಎಂಬುದು ಅವನ ಕಣ್ಣಿಗೇ ಗೊತ್ತು.

ಅವನ ಮಗಳು ಆ ವರ್ಷ ಎರಡನೇ ಪಿಯುಸಿ ವಿಜ್ಞಾನ ಮುಗಿಸಿದ್ದಳು. ಒಂದು ಸಂಜೆ ಕುಲುಮೆಯ ಬಳಿ ಕೂತು, ಕಾಲೇಜಿನ ಗ್ರಂಥಾಲಯದ ಪುಸ್ತಕದಲ್ಲಿ ಓದಿದ್ದನ್ನು ಅಪ್ಪನಿಗೆ ಹೇಳಿದಳು: ಕಾಯಿಸಿದಂತೆಲ್ಲ ಗಟ್ಟಿಯಾಗುತ್ತ ಹೋಗುವ ಲೋಹವೊಂದಿದೆಯಂತೆ. ಅಪ್ಪ ಸುತ್ತಿಗೆ ಕೆಳಗಿಟ್ಟು ನಕ್ಕ. “ಯಾರವ್ವಾ ಹಂಗ ಬರ್ದೋರು? ಕಾದ ಮ್ಯಾಲೆ ಮೆತ್ತಗಾಗ್ಲಿಲ್ಲ ಅಂದ್ರ ಅದು ಲೋಹ ಹ್ಯಾಂಗ ಆಗ್ತೈತಿ? ನಮ್ಮ ಕಸುಬೇ ಇರ್ತಿರಲಿಲ್ಲ.”

ಆ ನಗೆಯ ಹಿಂದೆ ಇನ್ನೊಂದು ಮಾತಿತ್ತು. ಎಂಜಿನಿಯರಿಂಗ್ ಸೀಟಿಗೆ ವಿಭಾಗ ಆರಿಸಿಕೊಳ್ಳುವ ದಿನ ಹತ್ತಿರ ಬಂದಿತ್ತು. ಹುಡುಗಿಗೆ ಲೋಹಶಾಸ್ತ್ರ ಓದುವ ಆಸೆ. ಬೆಂಗಳೂರಿನಲ್ಲಿರುವ ಸೋದರಮಾವ ಕಂಪ್ಯೂಟರ್ ಬಿಟ್ಟು ಬೇರೇನನ್ನೂ ತೆಗೆದುಕೊಳ್ಳಬೇಡ ಎಂದು ಫೋನಿನಲ್ಲಿ ಎರಡು ಸಲ ಹೇಳಿಯಾಗಿತ್ತು. ಅವ್ವನಿಗೆ, ಓದಿದ ಮೇಲೆ ಕೆಲಸ ಎಲ್ಲಿ ಸಿಗುತ್ತದೆ ಎಂಬ ಚಿಂತೆ. ಅಪ್ಪನದು ಒಂದೇ ಪ್ರಶ್ನೆ: “ಮತ್ತ ಕುಲುಮಿಗೇ ಬರಾಕ ಅಷ್ಟು ಓದ್ಬೇಕೇನು?”

ಅಪ್ಪನ ವಾದದಲ್ಲಿ ತಪ್ಪಿರಲಿಲ್ಲ. ಸಾಮಾನ್ಯ ಲೋಹಗಳೆಲ್ಲ ಕಾದರೆ ಮೆತ್ತಗಾಗುತ್ತವೆ. ಏಕೆ ಎಂಬುದನ್ನು ಸ್ವಲ್ಪ ನೋಡೋಣ. ಲೋಹದೊಳಗೆ ಪರಮಾಣುಗಳು ಪದರ ಪದರವಾಗಿ ಅಚ್ಚುಕಟ್ಟಾಗಿ ಜೋಡಿಸಿಕೊಂಡಿರುತ್ತವೆ. ಸುತ್ತಿಗೆಯ ಏಟು ಬಿದ್ದಾಗ ಒಂದು ಪದರ ಇನ್ನೊಂದರ ಮೇಲೆ ಜಾರುತ್ತದೆ. ಇಡೀ ಪದರ ಒಮ್ಮೆಗೇ ಜಾರುವುದಿಲ್ಲ. ಮದುವೆ ಮನೆಯಲ್ಲಿ ಹಾಸಿದ ದೊಡ್ಡ ಜಮಖಾನೆಯನ್ನು ಒಬ್ಬನೇ ಎಳೆಯಲಾರ. ಆದರೆ ಒಂದು ಅಂಚಿನಲ್ಲಿ ಮಡಿಕೆ ಎಬ್ಬಿಸಿ ಆ ಮಡಿಕೆಯನ್ನು ಕಾಲಿನಿಂದ ತಳ್ಳುತ್ತ ಹೋದರೆ ಜಮಖಾನೆ ಸರಿಯುತ್ತದೆ. ಲೋಹದೊಳಗೂ ಅಂಥದೇ ಮಡಿಕೆಗಳು ಓಡಾಡುತ್ತವೆ. ಬಿಸಿ ಏರಿದಂತೆ ಅವುಗಳ ಓಡಾಟ ಸಲೀಸಾಗುತ್ತದೆ, ಲೋಹ ಕಮ್ಮಾರನ ಮಾತು ಕೇಳುತ್ತದೆ.

ಮಗಳು ಓದಿದ್ದೂ ಸುಳ್ಳಲ್ಲ. ಮೂರು ಪಾಲು ನಿಕ್ಕಲ್ ಪರಮಾಣುಗಳಿಗೆ ಒಂದು ಪಾಲು ಅಲ್ಯೂಮಿನಿಯಂ ಸೇರಿದ ವಸ್ತುವೊಂದಿದೆ. ಸುಮಾರು 800 ಡಿಗ್ರಿ ಸೆಂಟಿಗ್ರೇಡಿನವರೆಗೆ ಅದನ್ನು ಕಾಯಿಸುತ್ತ ಹೋದರೆ ಅದರ ಬಲ ಕುಗ್ಗುವ ಬದಲು ಏರುತ್ತದೆ. ವೆಸ್ಟ್‌ಬ್ರೂಕ್ ಎಂಬ ಅಮೆರಿಕದ ವಿಜ್ಞಾನಿ 1957ರಲ್ಲಿ ಈ ವಿಚಿತ್ರವನ್ನು ಪ್ರಕಟಿಸಿದ. ಅಂದರೆ ಕುಲುಮೆಯಲ್ಲಿ ಸಾದಾ ಕಬ್ಬಿಣ ಕೆಂಪಾಗಿ ಬಾಗುವ ಹೊತ್ತಿಗೆ ಈ ವಸ್ತು ತಣ್ಣಗಿದ್ದಾಗಿಗಿಂತ ಹೆಚ್ಚು ಬಿಗಿಯಾಗಿ ನಿಂತಿರುತ್ತದೆ.

ಇಂಥ ವಸ್ತುಗಳಿಗೆ ಅಂತರಲೋಹ ಸಂಯುಕ್ತಗಳು ಎಂದು ಹೆಸರು. ಶಾಲೆಯ ಪಠ್ಯದಲ್ಲಿ ಮಿಶ್ರಲೋಹ ಎಂದರೆ ಹಿತ್ತಾಳೆ, ಕಂಚು, ಸ್ಟೇನ್‌ಲೆಸ್ ಸ್ಟೀಲ್ ಎಂದು ಮೂರು ಹೆಸರು ಹೇಳಿ ಪಾಠ ಮುಗಿಸಿಬಿಡುತ್ತಾರೆ. ಸ್ವಾರಸ್ಯ ಇರುವುದು ಅದರ ಆಚೆಗೆ. ಸಾಧಾರಣ ಮಿಶ್ರಲೋಹವೆಂದರೆ ಜಾತ್ರೆಯ ಜನಸಂದಣಿ ಇದ್ದ ಹಾಗೆ, ಯಾರ ಪಕ್ಕ ಯಾರು ಬೇಕಾದರೂ ನಿಲ್ಲಬಹುದು. ತಾಮ್ರದ ಪರಮಾಣು ಇರಬೇಕಾದ ಜಾಗದಲ್ಲಿ ಸತುವಿನದು ಕೂತರೆ ಯಾರೂ ಕೇಳುವುದಿಲ್ಲ. ಅಂತರಲೋಹ ಸಂಯುಕ್ತ ಹಾಗಲ್ಲ, ಅದು ಕೋಲಾಟ. ಇಂಥವರ ಪಕ್ಕ ಇಂಥವರೇ ನಿಲ್ಲಬೇಕು, ಕೋಲಿಗೆ ಕೋಲು ತಾಗಬೇಕು. ಒಬ್ಬ ಒಂದು ಹೆಜ್ಜೆ ಮುಂದಿಟ್ಟರೆ ಜೊತೆ ತಪ್ಪಿ ಗೊಂದಲವಾಗುತ್ತದೆ. ಎರಡನೆಯವನೂ ಹಿಂದೆಯೇ ಒಂದು ಹೆಜ್ಜೆ ಇಟ್ಟರೆ ಮಾತ್ರ ಜೋಡಿ ಮತ್ತೆ ಸರಿಹೋಗುತ್ತದೆ. ಹೀಗಾಗಿ ಈ ವಸ್ತುಗಳೊಳಗಿನ ಮಡಿಕೆಗಳು ಒಂಟಿಯಾಗಿ ಓಡಲಾರವು, ಜೋಡಿಯಾಗಿಯೇ ಸಾಗಬೇಕು. ನಿಕ್ಕಲ್-ಅಲ್ಯೂಮಿನಿಯಂ ಸಂಯುಕ್ತದಲ್ಲಿ ಕಾವು ಏರಿದಾಗ ಜೋಡಿಯ ಒಂದು ಭಾಗ ಪಕ್ಕದ ಪದರಕ್ಕೆ ಜಾರಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಇಡೀ ಮೆರವಣಿಗೆ ನಿಂತುಬಿಡುತ್ತದೆ. ಕಾದಷ್ಟೂ ಗಟ್ಟಿಯಾಗುವ ಗುಟ್ಟು ಇದೇ. ಎಲ್ಲ ಅಂತರಲೋಹಗಳಿಗೂ ಈ ಗುಣವಿಲ್ಲ. ಆದರೆ ಬಿಸಿಯಲ್ಲಿ ಸುಲಭವಾಗಿ ಸೋಲದ ಸ್ವಭಾವ ಇವುಗಳಲ್ಲಿ ಹಲವಕ್ಕಿದೆ.

ಈ ಶಿಸ್ತಿಗೆ ತೆರಬೇಕಾದ ಬೆಲೆ ಪೆಡಸುತನ. ತಣ್ಣಗಿರುವಾಗ ಇವು ಬಾಗಲು ಒಪ್ಪುವುದಿಲ್ಲ. ಬಲವಂತ ಮಾಡಿದರೆ ಗಾಜಿನಂತೆ ಪಟ್ಟನೆ ಮುರಿಯುತ್ತವೆ. ಇದು ಹೊಸ ಅನುಭವವೇನಲ್ಲ. ಕೇರಳದ ಆರನ್ಮುಳದಲ್ಲಿ ತಯಾರಾಗುವ ಲೋಹದ ಕನ್ನಡಿಯ ವಿಷಯವನ್ನು ಹಲವರು ಕೇಳಿರಬಹುದು. ತಾಮ್ರಕ್ಕೆ ಸುಮಾರು ಮೂರರಲ್ಲಿ ಒಂದು ಭಾಗ ತವರ ಬೆರೆಸಿ ಎರಕ ಹೊಯ್ದು, ದಿನಗಟ್ಟಲೆ ಉಜ್ಜಿ ಹೊಳಪು ತರುತ್ತಾರೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ 1990ರ ದಶಕದಲ್ಲಿ ಈ ಕನ್ನಡಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಅಧ್ಯಯನ ಮಾಡಿದರು. ಅದರ ಬೆಳ್ಳಿಬಣ್ಣಕ್ಕೂ ಹೊಳಪಿಗೂ ಕಾರಣ ತಾಮ್ರ-ತವರದ ಒಂದು ಅಂತರಲೋಹ ಸಂಯುಕ್ತ. ಅಪರೂಪದ ಗಡಸುತನ ಇರುವುದರಿಂದಲೇ ಅಷ್ಟು ನುಣುಪಾಗಿ ಉಜ್ಜಲು ಸಾಧ್ಯ. ಕೈಜಾರಿ ನೆಲಕ್ಕೆ ಬಿದ್ದರೆ ಮಾತ್ರ ಕನ್ನಡಿ ಚೂರಾಗುತ್ತದೆ.

ನಮ್ಮ ಸೀಮೆಯ ಉಕ್ಕಿನ ಕಥೆಯೂ ಇದಕ್ಕೆ ಹತ್ತಿರದ್ದೇ. ಲೋಕಪ್ರಸಿದ್ಧವಾದ ‘ವುಟ್ಸ್’ ಎಂಬ ಪದ ಕನ್ನಡದ ಉಕ್ಕಿನಿಂದಲೇ ಬಂತೆಂದು ಹಲವು ವಿದ್ವಾಂಸರ ಅಭಿಪ್ರಾಯ. ಆ ಉಕ್ಕಿನ ಕತ್ತಿಗಳ ಹರಿತಕ್ಕೆ ಕಾರಣ, ಮೂರು ಕಬ್ಬಿಣಕ್ಕೆ ಒಂದು ಇಂಗಾಲ ಕೂಡಿದ ಗಡುಸಾದ ಸಂಯುಕ್ತ. ಅದು ಮೆತ್ತನೆಯ ಕಬ್ಬಿಣದ ನಡುವೆ ಹಂಚಿಹೋಗಿದ್ದರೆ ಕತ್ತಿ. ಎಲ್ಲವೂ ಅದೇ ಆಗಿದ್ದರೆ ಒಂದೇ ಏಟಿಗೆ ತುಂಡು.

ಇನ್ನು ತೂಕದ ವಿಚಾರ. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕಲ್ಲು ದೊಡ್ಡದಾದಷ್ಟೂ ಹಗ್ಗ ಕೈಯನ್ನು ಜಗ್ಗುತ್ತದೆ. ಜೆಟ್ ಎಂಜಿನ್ನಿನ ಟರ್ಬೈನ್ ಎಂದರೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಕವಣೆಗಳ ಚಕ್ರ. ಅಂಗೈಯಷ್ಟಿರುವ ಒಂದೊಂದು ಅಲಗೂ ತನ್ನ ಬುಡವನ್ನು ಟನ್ನುಗಟ್ಟಲೆ ಬಲದಿಂದ ಹೊರಕ್ಕೆ ಎಳೆಯುತ್ತಿರುತ್ತದೆ, ಅದೂ ಕುಲುಮೆಯಂಥ ಬಿಸಿಗಾಳಿಯ ನಡುವೆ. ಅಲಗಿನ ತೂಕ ಅರ್ಧಕ್ಕಿಳಿದರೆ ಎಳೆತವೂ ಅರ್ಧವಾಗುತ್ತದೆ. ಆಗ ಅಲಗನ್ನು ಹಿಡಿದಿರುವ ತಟ್ಟೆ ತೆಳುವಾಗಬಹುದು, ತಟ್ಟೆ ಹೊತ್ತ ಅಚ್ಚು ಹಗುರಾಗಬಹುದು, ಅಚ್ಚಿನ ಬೇರಿಂಗುಗಳೂ ಚಿಕ್ಕವಾಗಬಹುದು. ಒಂದು ಕಡೆ ಇಳಿಸಿದ ಒಂದು ಕಿಲೋ ಹೀಗೆ ಬೇರೆ ಕಡೆಯೂ ತೂಕ ಇಳಿಸುತ್ತ ಹೋಗುತ್ತದೆ.

ಸಾಂದ್ರತೆಗಳನ್ನು ಹೋಲಿಸಿ ನೋಡಿ. ಒಂದು ಲೀಟರ್ ಹಿಡಿಯುವ ಚೊಂಬಿನಷ್ಟು ಗಾತ್ರದ ಕಬ್ಬಿಣ 7.8 ಕಿಲೋ ತೂಗುತ್ತದೆ. ಜೆಟ್ ಎಂಜಿನ್ನುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ನಿಕ್ಕಲ್ ಮಿಶ್ರಲೋಹ ಎಂಟು ಕಿಲೋಗೂ ಹೆಚ್ಚು. ಟೈಟೇನಿಯಂ ನಾಲ್ಕೂವರೆ ಕಿಲೋ. ಆದರೆ ಮಾಮೂಲಿ ಟೈಟೇನಿಯಂ ಮಿಶ್ರಲೋಹಗಳು ಸುಮಾರು 600 ಡಿಗ್ರಿಗೇ ಸುಸ್ತಾಗುತ್ತವೆ. ಅಲ್ಯೂಮಿನಿಯಂ 2.7 ಕಿಲೋ ಮಾತ್ರ. ಪಾಪ, 660 ಡಿಗ್ರಿಗೆ ಕರಗಿಯೇ ಹೋಗುತ್ತದೆ. ಈ ಕೊನೆಯ ಎರಡೂ ಒಬ್ಬೊಬ್ಬರಾಗಿ ಸೋಲುವ ಕಡೆ ಇಬ್ಬರೂ ಕೂಡಿದರೆ ಗೆಲ್ಲಬಹುದೆ? ಲೋಹಶಾಸ್ತ್ರಜ್ಞರು ಹಲವು ದಶಕಗಳಿಂದ ಬೆನ್ನುಹತ್ತಿರುವುದು ಈ ಪ್ರಶ್ನೆಯನ್ನೇ.

ಟೈಟೇನಿಯಂ ಮತ್ತು ಅಲ್ಯೂಮಿನಿಯಂ ಹಲವು ಲೆಕ್ಕದಲ್ಲಿ ಕೂಡುತ್ತವೆ. ಒಂದಕ್ಕೊಂದು ಸಮನಾಗಿ ಸೇರಿದ್ದಕ್ಕೆ ಗಾಮಾ ಎಂದು ಹೆಸರು, ಲೀಟರಿಗೆ ಸುಮಾರು ನಾಲ್ಕು ಕಿಲೋ. ಮೂರು ಟೈಟೇನಿಯಂಗೆ ಒಂದು ಅಲ್ಯೂಮಿನಿಯಂ ಸೇರಿದ್ದು ಆಲ್ಫಾ-2. ಇದರ ಪರಮಾಣುಗಳು ಜೇನುಗೂಡಿನ ಕೋಣೆಯಂತೆ ಆರು ಮೂಲೆಯ ಜೋಡಣೆಯಲ್ಲಿವೆ. ಎರಡೂ ಹಗುರ, ಎರಡೂ ಬಿಸಿಗೆ ತಕ್ಕಮಟ್ಟಿಗೆ ಗಟ್ಟಿ, ಎರಡೂ ತಣ್ಣಗಿದ್ದಾಗ ಪೆಡಸು. ಅಪ್ಪಟ ಆಲ್ಫಾ-2 ಅಂತೂ ಕೋಣೆಯ ಉಷ್ಣತೆಯಲ್ಲಿ ಬಾಗುವುದೇ ಇಲ್ಲ ಎನ್ನಬೇಕು. ಅದಕ್ಕೆ ನಿಯೋಬಿಯಂ ಬೆರೆಸಿದರೆ ಪೆಡಸುತನ ತಗ್ಗುತ್ತದೆಂದು 1970ರ ದಶಕದಲ್ಲಿ ಅಮೆರಿಕದವರು ಕಂಡುಕೊಂಡರು. ನಿಯೋಬಿಯಂ 2,477 ಡಿಗ್ರಿಯವರೆಗೆ ಕರಗದ ಲೋಹ, ಉರಿಗೆ ಜಗ್ಗದವರ ಸಾಲಿಗೆ ಸೇರಿದ್ದು.

ಇಲ್ಲಿಂದ ಮುಂದಿನ ಮುಖ್ಯ ಹೆಜ್ಜೆ ಇಟ್ಟದ್ದು ನಮ್ಮ ನೆರೆಯ ಹೈದರಾಬಾದಿನಲ್ಲಿ. ಅಲ್ಲಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯದ ದೀಪಂಕರ್ ಬ್ಯಾನರ್ಜಿ ಮತ್ತು ಅವರ ಜೊತೆಗಾರರಾದ ಗೋಗಿಯಾ, ನಂದಿ, ಜೋಶಿ, ಈ ನಿಯೋಬಿಯಂ ಬೆರೆತ ಆಲ್ಫಾ-2 ಮಿಶ್ರಲೋಹವನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಿದ್ದರು. ಜೇನುಗೂಡಿನ ಜೋಡಣೆಗೆ ಹೊಂದದ ಚುಕ್ಕಿಗಳು ಕಂಡವು. ಅದನ್ನು ಬೆನ್ನುಹತ್ತಿದಾಗ, ಅದುವರೆಗೆ ಯಾರೂ ಗುರುತಿಸದಿದ್ದ ಹೊಸ ಸಂಯುಕ್ತವೊಂದು ಸಿಕ್ಕಿತು: ಎರಡು ಟೈಟೇನಿಯಂ, ಒಂದು ಅಲ್ಯೂಮಿನಿಯಂ, ಒಂದು ನಿಯೋಬಿಯಂ. ಪ್ರಬಂಧ ಅಚ್ಚಾದದ್ದು 1988ರಲ್ಲಿ. ಜಗತ್ತಿನ ಲೋಹಶಾಸ್ತ್ರದ ಗ್ರಂಥಗಳಲ್ಲಿ ಇಂದು ಅದಕ್ಕೆ ‘ಓ’ ಎಂಬ ಒಂಟಿ ಅಕ್ಷರದ ಹೆಸರಿದೆ.

ಓ ಎಂದರೇನು? ಬೆಂಕಿಪೊಟ್ಟಣವನ್ನು ಕೈಗೆತ್ತಿಕೊಳ್ಳಿ. ಉದ್ದ, ಅಗಲ, ದಪ್ಪ ಮೂರೂ ಬೇರೆಬೇರೆ, ಆದರೆ ಎಲ್ಲ ಮೂಲೆಗಳೂ ನೇರ. ಇಂಥ ಸ್ಫಟಿಕಕ್ಕೆ ಆರ್ಥೋರಾಂಬಿಕ್ ಎನ್ನುತ್ತಾರೆ, ಅದರ ಮೊದಲ ಅಕ್ಷರವೇ ಓ. ಆಲ್ಫಾ-2ರ ಜೇನುಗೂಡಿನಲ್ಲಿ ಟೈಟೇನಿಯಂ ಕೂರುವ ಜಾಗಗಳೆಲ್ಲ ಒಂದೇ ತೆರನಾಗಿದ್ದವು. ನಿಯೋಬಿಯಂ ಬಂದು ತನ್ನದೇ ಜಾಗಗಳನ್ನು ಆರಿಸಿ ಕೂತ ಮೇಲೆ ಆರು ಮೂಲೆಯ ಸಮತೆ ಕೆಟ್ಟು, ಗೂಡು ಕೊಂಚ ಒತ್ತಿಕೊಂಡು ಬೆಂಕಿಪೊಟ್ಟಣದ ಆಕಾರಕ್ಕೆ ತಿರುಗಿತು. ಬದಲಾವಣೆ ಅತಿ ಸಣ್ಣದು. ಆದರೆ ಓ ಇರುವ ಮಿಶ್ರಲೋಹಗಳು ಅಪ್ಪಟ ಆಲ್ಫಾ-2ರಂತೆ ಪಟ್ಟನೆ ಒಡೆಯುವುದಿಲ್ಲ, ಒಂದಿಷ್ಟು ಬಾಗುತ್ತವೆ. ಅವುಗಳ ತೂಕ ಲೀಟರಿಗೆ ಐದು ಕಿಲೋ ಚಿಲ್ಲರೆ, ನಿಕ್ಕಲ್ ಮಿಶ್ರಲೋಹಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಬಲ ಸುಮಾರು 650ರಿಂದ 700 ಡಿಗ್ರಿಯವರೆಗೆ ನಿಲ್ಲುತ್ತದೆ. ಮಾಮೂಲಿ ಟೈಟೇನಿಯಂ ಕೈಬಿಡುವ ಜಾಗಕ್ಕೂ ಭಾರದ ನಿಕ್ಕಲ್ ಅನಿವಾರ್ಯವಾಗುವ ಜಾಗಕ್ಕೂ ನಡುವಿನ ಸಂದನ್ನು ತುಂಬಲು ಸಜ್ಜಾದ ವಸ್ತು ಇದು.

ಬ್ಯಾನರ್ಜಿಯವರು ಡಾಕ್ಟರೇಟ್ ಪಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. 1945ರಲ್ಲಿ ಅಲ್ಲಿ ಆರಂಭವಾದ ಲೋಹಶಾಸ್ತ್ರ ವಿಭಾಗ ದೇಶಕ್ಕೆ ಬಹಳ ಮಂದಿ ಲೋಹತಜ್ಞರನ್ನು ಕೊಟ್ಟಿದೆ. ಹೈದರಾಬಾದಿನ ಪ್ರಯೋಗಾಲಯದ ನಿರ್ದೇಶಕರಾಗಿ ದುಡಿದು, ಆಮೇಲೆ ಅವರು ಅದೇ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಮರಳಿದರು.

ಬೆಂಗಳೂರಿಗೆ ಇಂಥ ಲೋಹದ ಹಸಿವು ಎಷ್ಟಿದೆ ಎಂಬುದಕ್ಕೆ ‘ಕಾವೇರಿ’ಯೇ ಸಾಕ್ಷಿ. ನಮ್ಮದೇ ಯುದ್ಧವಿಮಾನಕ್ಕೆ ನಮ್ಮದೇ ಎಂಜಿನ್ ಬೇಕೆಂದು 1989ರಲ್ಲಿ ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಗೆ ಈ ಕೆಲಸ ವಹಿಸಲಾಯಿತು. ಎಂಜಿನ್ನಿಗೆ ಕಾವೇರಿ ಎಂದೂ ಅದರ ಒಳತಿರುಳಿಗೆ ಕಬಿನಿ ಎಂದೂ ನದಿಗಳ ಹೆಸರಿಟ್ಟರು. ಸುಮಾರು 1,100 ಕಿಲೋ ಇರಬೇಕಾಗಿದ್ದ ಎಂಜಿನ್ 1,200 ಕಿಲೋ ದಾಟಿತು, ನಿರೀಕ್ಷಿಸಿದಷ್ಟು ನೂಕುಬಲವೂ ಬರಲಿಲ್ಲ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ ತೇಜಸ್, ಅಮೆರಿಕದ ಎಂಜಿನ್ ಹೊತ್ತೇ ಹಾರಿತು. ಕಾವೇರಿಯನ್ನು ಸೋಲು ಎಂದು ಒಂದೇ ಮಾತಿನಲ್ಲಿ ಬರೆದು ಮುಗಿಸುವವರಿದ್ದಾರೆ. ಇದು ಆತುರದ ತೀರ್ಪು. ಎಂಜಿನ್ನಿನ ನಕ್ಷೆಯನ್ನು ಕಾಗದದ ಮೇಲೆ ಬರೆಯಬಹುದು. ಆ ನಕ್ಷೆ ಬೇಡುವ ಲೋಹವನ್ನು ಯಾವ ದೇಶವೂ ಸುಲಭಕ್ಕೆ ಮಾರುವುದಿಲ್ಲ, ಕಲಿಸುವುದಂತೂ ಇಲ್ಲವೇ ಇಲ್ಲ. ಅದನ್ನು ನಾವೇ ಕಲಿಯಬೇಕಾಯಿತು. 2021ರ ಏಪ್ರಿಲಿನಲ್ಲಿ ಹೈದರಾಬಾದಿನ ಅದೇ ಪ್ರಯೋಗಾಲಯ, ಹೆಲಿಕಾಪ್ಟರ್ ಎಂಜಿನ್ನಿಗೆಂದು ಒಂದೇ ಸ್ಫಟಿಕವಾಗಿ ಬೆಳೆಸಿದ 60 ಟರ್ಬೈನ್ ಅಲಗುಗಳನ್ನು ಎಚ್ಎಎಲ್‌ಗೆ ಒಪ್ಪಿಸಿತು. ಇಂಥ ನಿಕ್ಕಲ್ ಅಲಗುಗಳ ಒಡಲಲ್ಲಿ ಪುಟ್ಟ ಪುಟ್ಟ ಘನಗಳಾಗಿ ತುಂಬಿಕೊಂಡು ಬಲ ಕೊಡುವುದು, ಹುಡುಗಿ ಅಪ್ಪನಿಗೆ ಹೇಳಿದ ಆ ಕಾದಷ್ಟೂ ಗಟ್ಟಿಯಾಗುವ ಸಂಯುಕ್ತವೇ.

ಆದರೆ ಕಾಲ? ಮಕ್ಕಳ ಓದಿನ ಬಗ್ಗೆ ಯೋಚಿಸುವ ತಂದೆ ತಾಯಿ ಕೇಳಲೇಬೇಕಾದ ಪ್ರಶ್ನೆ ಇದು. ಗಾಮಾ ಸಂಯುಕ್ತದ ಕಥೆಯನ್ನು ನೋಡಿ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ 1980ರ ದಶಕದಲ್ಲಿ ಅದಕ್ಕೆ ನೂರಕ್ಕೆ ಎರಡೆರಡು ಪಾಲು ಕ್ರೋಮಿಯಂ, ನಿಯೋಬಿಯಂ ಸೇರಿಸಿ ಪೆಡಸುತನವನ್ನು ಸ್ವಲ್ಪ ತಗ್ಗಿಸಿತು. ಸ್ವಲ್ಪ ಎಂದರೆ, ನೂರು ಮಿಲಿಮೀಟರ್ ಉದ್ದದ ಸರಳನ್ನು ಎಳೆದರೆ ಮುರಿಯುವ ಮುನ್ನ ಒಂದೆರಡು ಮಿಲಿಮೀಟರ್ ಹಿಗ್ಗುವಷ್ಟು, ಅಷ್ಟೇ. 1993ರಲ್ಲಿ ಆ ಅಲಗುಗಳನ್ನು ಎಂಜಿನ್ನಿಗೆ ಹಾಕಿ ನೆಲದ ಮೇಲೆ ಪರೀಕ್ಷಿಸಿದರು. ಪ್ರಯಾಣಿಕರನ್ನು ಹೊತ್ತ ವಿಮಾನದಲ್ಲಿ ಅವು ಹಾರಿದ್ದು ಸುಮಾರು ಎರಡು ದಶಕಗಳ ನಂತರ, ಬೋಯಿಂಗ್ 787ರ ಜಿಇಎನ್‌ಎಕ್ಸ್ ಎಂಜಿನ್ನಿನ ಕೊನೆಯ ಎರಡು ಸಾಲುಗಳಲ್ಲಿ. ಏರ್ ಇಂಡಿಯಾಕ್ಕೆ 2012ರ ಸೆಪ್ಟೆಂಬರಿನಲ್ಲಿ ಬಂದ ಮೊದಲ 787ರಲ್ಲಿದ್ದದ್ದೂ ಇದೇ ಎಂಜಿನ್. ಅಲ್ಲಿ ಮೊದಲು ನಿಕ್ಕಲ್ ಅಲಗುಗಳಿರುತ್ತಿದ್ದ ಜಾಗದಲ್ಲಿ ಈಗ ಅವುಗಳ ಅರ್ಧ ತೂಕದ ಅಲಗುಗಳಿವೆ. ಅದಕ್ಕೂ ಮೊದಲು, 1990ರ ದಶಕದ ಕೊನೆಗೆ, ಜಪಾನಿನ ಮಿತ್ಸುಬಿಷಿ ಕಂಪನಿ ಓಟದ ಕಾರಿನ ಟರ್ಬೊಚಾರ್ಜರ್ ಚಕ್ರಕ್ಕೆ ಈ ವಸ್ತುವನ್ನು ಬಳಸಿತ್ತು. ಕಾರಿನಲ್ಲಿ ಚಕ್ರ ಒಡೆದರೆ ರಸ್ತೆಬದಿಗೆ ನಿಲ್ಲಿಸಬಹುದು, ಆಕಾಶದಲ್ಲಿ ಆ ಅನುಕೂಲವಿಲ್ಲ. ಪರೀಕ್ಷೆಗೆ ಇಷ್ಟು ವರ್ಷ ಹಿಡಿದದ್ದು ಸೋಮಾರಿತನದಿಂದಲ್ಲ.

ಕಾನಹೊಸಹಳ್ಳಿಯ ಮನೆಯಲ್ಲಿ ಈ ಇಪ್ಪತ್ತು ವರ್ಷದ ಲೆಕ್ಕ ಕೇಳಿ ಅವ್ವ ಬೆಚ್ಚಿದ್ದು ಸಹಜ. “ಇಪ್ಪತ್ತು ವರ್ಷ ಕಾಯಾಕ ನಾವೇನು ತೆಂಗಿನ ಸಸಿ ನೆಟ್ಟೀವೇನು?” ಎಂದಳು. ಮಗಳು ಲೆಕ್ಕ ಒಪ್ಪಿಸಿದಳು: ಲೋಹಶಾಸ್ತ್ರ ಓದಿದವರಿಗೆ ಸಂಶೋಧನೆಯೊಂದೇ ದಾರಿಯಲ್ಲ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಣ್ಣಳತೆಯಲ್ಲೇ ಇದೆ, ಬೆಂಗಳೂರಿನ ಎಚ್ಎಎಲ್ ಇದೆ, ಹೈದರಾಬಾದಿನ ಮಿಶ್ರಧಾತು ನಿಗಮ ಇದೆ. ಕಂಪ್ಯೂಟರ್ ಓದಿದವರಷ್ಟು ಬೇಗ, ಅಷ್ಟು ದೊಡ್ಡ ಸಂಬಳ ಸಿಗದಿರಬಹುದು ಎಂಬುದನ್ನೂ ಅವಳು ಮುಚ್ಚಿಡಲಿಲ್ಲ.

ಅಪ್ಪನನ್ನು ಒಪ್ಪಿಸಿದ್ದು ಸಂಬಳದ ಲೆಕ್ಕವಲ್ಲ, ಪೆಡಸುತನದ ಮಾತು. ಮಚ್ಚನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಅದು ಬಿರುಸಾಗುತ್ತದೆ. ಹಾಗೇ ಕೊಟ್ಟರೆ ಮೊದಲ ಏಟಿಗೇ ಬಾಯಿ ಚಕ್ಕೆ ಹಾರುತ್ತದೆ. ಅದಕ್ಕೇ ಮತ್ತೊಮ್ಮೆ ಹಗುರಾಗಿ ಕಾಯಿಸಿ, ಮೈಮೇಲೆ ಒಣಹುಲ್ಲಿನ ಬಣ್ಣ ಬಂದಾಗ ತೆಗೆದು, ಒಂದಿಷ್ಟು ಗಡಸುತನ ಬಿಟ್ಟುಕೊಟ್ಟು ಒಂದಿಷ್ಟು ತಾಳಿಕೆ ಪಡೆಯುತ್ತಾರೆ. ಹದ ಎಂದರೆ ಇದೇ. ಅಲ್ಲಿನವರು ನಿಯೋಬಿಯಂ ಹಾಕಿ ಮಾಡುತ್ತಿರುವುದೂ ಅದನ್ನೇ ಎಂದು ಮಗಳು ಹೇಳಿದಾಗ ಅಪ್ಪ ತುಸು ಹೊತ್ತು ಸುಮ್ಮನಿದ್ದ. ಆಮೇಲೆ, “ಹಂಗಾದ್ರ ಅವ್ರೂ ಕಮ್ಮಾರ್ರೇ” ಎಂದ. ಮರುದಿನ ಸೋದರಮಾವನಿಗೆ ಅವನೇ ಫೋನ್ ಮಾಡಿದ. ಹುಡುಗಿ ಈಗ ಕರಾವಳಿಯ ಕಾಲೇಜೊಂದರಲ್ಲಿ ಲೋಹಶಾಸ್ತ್ರದ ಎರಡನೇ ವರ್ಷದಲ್ಲಿದ್ದಾಳೆ. ಫೀಸಿಗೆ ಸಾಲ ಮಾಡಬೇಕಾಯಿತು, ಅದು ಇನ್ನೂ ತೀರಿಲ್ಲ.

ಅವಳ ಪಾಠಗಳಲ್ಲಿ ಅಪ್ಪನಿಗೆ ಅತ್ಯಂತ ಇಷ್ಟವಾದದ್ದು ಟೈಟೇನಿಯಂ ಕರಗಿಸುವ ವಿಧಾನ. ಕರಗಿದ ಟೈಟೇನಿಯಂ ಬಹಳ ತುಂಟ, ಯಾವ ಮಣ್ಣಿನ ಮೂಸೆಯಲ್ಲಿಟ್ಟರೂ ಆ ಮೂಸೆಯನ್ನೇ ತಿನ್ನತೊಡಗುತ್ತದೆ. ಗಾಳಿ ತಾಗಿದರೂ ಕೆಡುತ್ತದೆ. ಆದ್ದರಿಂದ ಗಾಳಿ ತೆಗೆದ ಕೋಣೆಯಲ್ಲಿ, ತಾಮ್ರದ ಪಾತ್ರೆಯಲ್ಲಿ ಅದನ್ನು ಕರಗಿಸುತ್ತಾರೆ. ತಾಮ್ರ ಕರಗುವುದು 1,085 ಡಿಗ್ರಿಗೆ, ಟೈಟೇನಿಯಂ ಕರಗುವುದು 1,668ಕ್ಕೆ! ಮೊದಲು ಕರಗಬೇಕಾದ ಪಾತ್ರೆ ಕರಗುವುದಿಲ್ಲ. ಅದರ ಗೋಡೆಯೊಳಗೆ ತಣ್ಣೀರು ಬಿರುಸಾಗಿ ಹರಿಯುತ್ತಿರುತ್ತದೆ. ಪಾತ್ರೆಗೆ ತಾಗಿದ ಟೈಟೇನಿಯಂ ಕೂಡಲೇ ಹೆಪ್ಪುಗಟ್ಟಿ ತೆಳ್ಳನೆಯ ಸಿಪ್ಪೆಯಾಗುತ್ತದೆ. ಒಳಗಿನ ದ್ರವ ಲೋಹ ತನ್ನದೇ ಸಿಪ್ಪೆಯ ಬಟ್ಟಲಲ್ಲಿ ಕುದಿಯುತ್ತಿರುತ್ತದೆ. 

ಕರಗಿಸಿದ ಮೇಲೂ ಕಷ್ಟ ಮುಗಿಯುವುದಿಲ್ಲ. ಗಾಮಾದಂಥ ಪೆಡಸು ವಸ್ತುವನ್ನು ಬಡಿಯುವಂತಿಲ್ಲ, ಕೊರೆಯುವಾಗಲೂ ಬಿರುಕಿನ ಭಯ. ದಪ್ಪಗೆ ಎರಕ ಹೊಯ್ದು ಎಚ್ಚರದಿಂದ ಸವೆಸಿ ಅಲಗು ತೆಗೆಯುವುದು ಒಂದು ದಾರಿ. ಇಟಲಿಯ ಆವಿಯೊ ಏರೊ ಕಾರ್ಖಾನೆ ಇನ್ನೊಂದು ದಾರಿ ಹಿಡಿದಿದೆ. ಲೋಹದ ಪುಡಿಯನ್ನು ತೆಳ್ಳಗೆ ಹರಡಿ, ಇಲೆಕ್ಟ್ರಾನ್ ಕಿರಣದಿಂದ ಬೇಕಾದ ಕಡೆ ಮಾತ್ರ ಕರಗಿಸಿ, ಅದರ ಮೇಲೆ ಮತ್ತೊಂದು ಪದರ ಹರಡಿ, ರೊಟ್ಟಿ ಮೇಲೆ ರೊಟ್ಟಿ ಪೇರಿಸಿದಂತೆ ಅಲಗನ್ನು ಬೆಳೆಸುತ್ತಾರೆ. ಬಿರುಕು ಬೀಳದಿರಲಿ ಎಂದು ಪುಡಿಯ ಹಾಸನ್ನು ಉದ್ದಕ್ಕೂ ಕೆಂಪಗೆ ಕಾಯಿಸಿಟ್ಟಿರುತ್ತಾರೆ. ಬೋಯಿಂಗ್ 777ಎಕ್ಸ್ ವಿಮಾನಕ್ಕೆಂದು ರೂಪಿಸಿದ ಎಂಜಿನ್ನಿನ ಗಾಮಾ ಅಲಗುಗಳು ಹೀಗೆ ತಯಾರಾದವು.

ಓ ಮಿಶ್ರಲೋಹಗಳಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಬಿಸಿಯಲ್ಲಿ ಅವುಗಳನ್ನು ಬಡಿಯಬಹುದು, ಉರುಳೆಯಡಿ ಹಾಯಿಸಿ ತಗಡು ಮಾಡಬಹುದು. ಸಂಕೋಚಕದ ತಟ್ಟೆ, ಎಂಜಿನ್ನಿನ ಹೊರಕವಚ, ಉಂಗುರಗಳಿಗೆ ಇವು ಒಗ್ಗುತ್ತವೆಂಬ ಆಸೆ ಇರುವುದು ಇದರಿಂದಲೇ. ಅಡ್ಡಿಗಳೂ ಇವೆ. ನಿಯೋಬಿಯಂ ದುಬಾರಿ, ಜಗತ್ತಿನ ಬಹುಪಾಲು ನಿಯೋಬಿಯಂ ಬ್ರೆಜಿಲ್ ಒಂದೇ ದೇಶದಿಂದ ಬರುತ್ತದೆ. ಟೈಟೇನಿಯಂ ಅದಿರಿಗೆ ನಮ್ಮಲ್ಲಿ ಬರವಿಲ್ಲ, ಕೇರಳ, ತಮಿಳುನಾಡು, ಒಡಿಶಾ ಕಡಲತೀರಗಳ ಕಪ್ಪು ಮರಳಿನಲ್ಲಿ ಅದು ಹೇರಳವಾಗಿದೆ. ಆದರೆ ಮರಳಿನಿಂದ ಲೋಹ ತೆಗೆಯುವ ಮೊದಲ ಕಾರ್ಖಾನೆ ಕೇರಳದ ಚವರದಲ್ಲಿ ಆರಂಭವಾದದ್ದು 2011ರಲ್ಲಿ, ಅದೂ ವರ್ಷಕ್ಕೆ 500 ಟನ್ ಸಾಮರ್ಥ್ಯದ್ದು. ಅದಕ್ಕೆ ತಂತ್ರಜ್ಞಾನ ಕೊಟ್ಟದ್ದು ಹೈದರಾಬಾದಿನ ಆ ಪ್ರಯೋಗಾಲಯವೇ.

ಪ್ರಯಾಣಿಕ ವಿಮಾನಗಳಲ್ಲಿ ಗಾಮಾ ತನ್ನ ಜಾಗ ಹಿಡಿದಿದೆ. ಓ ಇನ್ನೂ ಹೆಚ್ಚಾಗಿ ಪ್ರಯೋಗಾಲಯಗಳಲ್ಲೂ ಪರೀಕ್ಷೆಯ ಕಟ್ಟೆಗಳಲ್ಲೂ ಇದೆ. ಅದರ ಮುಂದಿರುವ ದೊಡ್ಡ ತೊಡಕು ಗಾಳಿಯದು. 650 ಡಿಗ್ರಿ ದಾಟಿದ ಮೇಲೆ ಆಮ್ಲಜನಕ ನಿಧಾನವಾಗಿ ಅದರ ಮೇಲ್ಮೈಯೊಳಗೆ ಇಳಿಯುತ್ತದೆ, ಇಳಿದ ಕಡೆ ಹಳೆಯ ಪೆಡಸುತನ ಮರಳುತ್ತದೆ, ಬಿರುಕು ಹುಟ್ಟುವುದು ಅಲ್ಲಿಂದಲೇ. ಅದನ್ನು ತಡೆಯುವ ಲೇಪ ಯಾವುದು, ಆ ಲೇಪ ಸಾವಿರಾರು ಸಲ ಕಾದು ಆರಿದರೂ ಸಿಪ್ಪೆ ಏಳದೆ ಉಳಿಯುವಂತೆ ಮಾಡುವುದು ಹೇಗೆ ಎಂಬುದರ ಮೇಲೆ ಈಗ ಕೆಲಸ ನಡೆಯುತ್ತಿದೆ.